ಕಾರ್ಡಿನಲ್ಲಿ ಮೂರನೆಯ ಹೆಸರು

ಹೊಂಡ ಬಂದಲ್ಲೆಲ್ಲ ಕುಂಞ ತನ್ನ ರಿಕ್ಷಾವನ್ನು ಮೊಟ್ಟೆ ತುಂಬಿದ ಬುಟ್ಟಿಯಂತೆ ಇಳಿಸಿ ಹತ್ತಿಸುತ್ತಿದ್ದ.

"ಮೆಲ್ಲ ಹೋಗ್ತೇನೆ ಐವನಣ್ಣ, ನೀವು ಗಟ್ಟಿ ಹಿಡ್ಕೊಳ್ಳಿ."

ಉಪ್ಪಳದಿಂದ ಅಕ್ಕನ ಮನೆಗೆ ಹತ್ತು ನಿಮಿಷದ ದಾರಿ. ಅರ್ಧ ಗಂಟೆಯಾದರೂ ಮುಗಿದಿರಲಿಲ್ಲ. ಐವನ್ ಬೆನ್ನು ನೆಟ್ಟಗೆ ಮಾಡಿ ಕೂತ. ಹನ್ನೊಂದು ವರ್ಷ ಊರಿಗೆ ಬಾರದಿದ್ದರೆ ಇಷ್ಟು ಮರ್ಯಾದೆ ಸಿಗುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ.

ನಾಸಿಕದಲ್ಲಿ ಅವನದೊಂದು ಬೇಕರಿ. ಈಚೆಗೆ ಸಕ್ಕರೆ ಬಿಟ್ಟು ಹತ್ತು ಕಿಲೋ ಇಳಿದಿದ್ದ. ಕೂದಲು ಉದುರತೊಡಗಿದಾಗ ಮಗಳು ಡಯಾನಾಳ ಮಾತು ಕೇಳಿ ತಲೆ ನುಣ್ಣಗೆ ಬೋಳಿಸಿದ್ದ. ಹತ್ತು ವರ್ಷ ಚಿಕ್ಕವನಾಗಿ ಕಾಣುತ್ತೇನೆಂದು ಅವನ ಅಂದಾಜು. ಕುಂಞ ಕನ್ನಡಿಯಲ್ಲಿ ಆ ತಲೆಯನ್ನೇ ನೋಡುತ್ತಿದ್ದ. ಪಾಪ, ಹೊಟ್ಟೆಕಿಚ್ಚು ಎಂದುಕೊಂಡ ಐವನ್.

ಹೊರಗೆ ಈ ಗತ್ತು, ಎದೆಯೊಳಗೆ ಪುಕಪುಕ. ಅಕ್ಕ ಟ್ರೀಜಾ ಬಾಗಿಲು ತೆಗೆಯುತ್ತಾಳೋ ಇಲ್ಲವೋ? ಹನ್ನೊಂದು ವರ್ಷದ ಹಿಂದೆ ಅವಳ ಮಗಳ ಮದುವೆಯ ಕಾರ್ಡಿನಲ್ಲಿ ಅವನ ಹೆಸರು ಮೂರನೆಯದಾಗಿ, ಭಾವನ ಇಬ್ಬರು ತಮ್ಮಂದಿರ ಕೆಳಗೆ ಅಚ್ಚಾಗಿತ್ತು. ಸೋದರಮಾವನ ಹೆಸರು! ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೆ ಆ ಸೋದರಮಾವ ಬರಲಿಲ್ಲ. ಮದುವೆಗೂ ಬರಲಿಲ್ಲ. ಅವಳೇ ಮೊದಲು ಫೋನ್ ಮಾಡಲಿ ಎಂದು ಕಾದ. ಅವಳೂ ಅದೇ ಅಪ್ಪನ ಮಗಳು, ಮಾಡಲಿಲ್ಲ. ಈಗೀಗ ಆ ಕಾರ್ಡು ನೆನಪಾದರೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸುತ್ತಿತ್ತು. ಕೊನೆಗೆ ಡಯಾನಾಳೇ ಅತ್ತೆಗೆ ಫೋನ್ ಮಾಡಿ, ಅಪ್ಪ ಬರುತ್ತಿದ್ದಾರೆ ಎಂದು ತಿಳಿಸಿದ್ದಳು.

ದಾರಿಯಲ್ಲಿ ವೆಂಕಟಕೃಷ್ಣ ಸಿಕ್ಕಿದ. ಶಾಲೆಯ ವಾಲಿಬಾಲ್ ತಂಡದ ಜೊತೆಗಾರ. ಫೈನಲ್ ಸೋತದ್ದು ಯಾರ ತಪ್ಪಿನಿಂದ ಎಂಬುದು ಇಬ್ಬರ ನಡುವೆ ಮೂವತ್ತು ವರ್ಷದ ತಕರಾರು. ಐವನ್ ರಿಕ್ಷಾದಲ್ಲಿ ಕೂತೇ ಶುರು ಮಾಡಿದ.

"ತಪ್ಪು ನನ್ನದೇ ಮಾರಾಯ," ಎಂದುಬಿಟ್ಟ ವೆಂಕಟಕೃಷ್ಣ. ಬೋಳುತಲೆ ನೋಡಿ, ಭುಜ ಸವರಿದ. "ಅದೆಲ್ಲ ಈಗ ಎಂತಕ್ಕೆ? ನೀನು ಬಂದಿಯಲ್ಲ, ಅದೇ ದೊಡ್ಡದು."

ಮೂವತ್ತು ವರ್ಷದ ವ್ಯಾಜ್ಯ ಒಂದೇ ನಿಮಿಷದಲ್ಲಿ ಇತ್ಯರ್ಥ. ಐವನ್‌ಗೆ ಧೈರ್ಯ ಬಂತು. ಬೋಳುತಲೆಗೆ ಏನೋ ಒಂದು ತೂಕ ಇದೆ.

ಟ್ರೀಜಾ ಬಾಗಿಲಲ್ಲೇ ನಿಂತಿದ್ದಳು. ಬೈಯಲಿಲ್ಲ, ಅತ್ತಳು. ಅವನ ತಲೆ ಸವರಿ, "ಬೋಳಿಸಿದ್ದು ಒಳ್ಳೆಯದೇ ಆಯಿತು," ಎಂದಳು. ಒಳಗೆ ಎಳೆದುಕೊಂಡು ಬಾಗಿಲಿಗೆ ಚಿಲಕ ಹಾಕಿ, ಹಂದಿಮಾಂಸದ ಸಾರು, ಇಡ್ಲಿಯಂಥ ಬಿಸಿಬಿಸಿ ಸಾನ್ನಾಂ ಬಡಿಸಿದಳು. ಬಾಯಿಪಾಠ ಮಾಡಿಕೊಂಡು ಬಂದಿದ್ದ ಕ್ಷಮೆಯ ಮಾತು ಐವನ್‌ಗೆ ಬೇಕೇ ಆಗಲಿಲ್ಲ. ಅವನು ಹತ್ತು ಸಾನ್ನಾಂ ಮುಗಿಸಿ, ಹಳೆಯದೇನೋ ನೆನೆದು ಗಹಗಹಿಸಿದ.

"ಜೋರು ನಗಬೇಡ, ಆಚೆಮನೆಗೆ ಕೇಳ್ತದೆ," ಎಂದಳು ಅಕ್ಕ. "ನಾಳೆ ಇಗರ್ಜಿಗೆ ಹೋಗುವಾಗ ನನ್ನ ಕೈ ಹಿಡ್ಕೊ. ಮೆಲ್ಲ ನಡೆ."

ಎಂಥ ಪ್ರೀತಿ! ಐವನ್ ಹನ್ನೊಂದನೆಯ ಸಾನ್ನಾಂಗೆ ಕೈ ಹಾಕಿದ.

ಭಾನುವಾರ ಇಗರ್ಜಿಯಲ್ಲಿ ಜನ ಎದ್ದು ಜಾಗ ಬಿಟ್ಟರು. ಯಾರೋ ಫ್ಯಾನಿನ ಕೆಳಗೆ ಕುರ್ಚಿ ಹಾಕಿದರು. ಐವನ್ ಎಲ್ಲರಿಗೂ ತಲೆಯಾಡಿಸುತ್ತ, ದೊಡ್ಡ ಮನುಷ್ಯರು ಕೂರುವ ಹಾಗೆ ಕೂತ. ಅಂದಿನ ಪೂಜೆ ಯಾರ ಯಾರ ಪರವಾಗಿ ಎಂದು ಪಾದ್ರಿಗಳು ಚೀಟಿ ನೋಡಿ ಓದಿದರು.

"ಕಾಯಿಲೆಯ ತಮ್ಮ ಐವನ್ ಗುಣವಾಗಲೆಂದು ಟ್ರೀಜಾ ಬಾಯಿಯವರು ಹನ್ನೊಂದು ವರ್ಷ ತಿಂಗಳು ತಿಂಗಳು ಪೂಜೆ ಕೊಟ್ಟಿದ್ದಾರೆ. ಆ ಐವನ್ ಇವತ್ತು ನಮ್ಮ ನಡುವೆ ಇದ್ದಾರೆ."

ಇಗರ್ಜಿಗೆ ಇಗರ್ಜಿಯೇ ತಿರುಗಿ ನೋಡಿತು. ಕೆಲವರು ಕಣ್ಣೊರೆಸಿಕೊಂಡರು. ಐವನ್ ಕುರ್ಚಿಯಲ್ಲಿ ಕುಗ್ಗಿ ಅಕ್ಕನ ಕಡೆ ಬಾಗಿದ.

"ನನಗೆ ಎಂತ ಕಾಯಿಲೆ, ಅಕ್ಕ?"

"ಬಾಯಿ ಮುಚ್ಚು. ತಮ್ಮ ಯಾಕೆ ಬರುವುದಿಲ್ಲ ಅಂತ ಕೇಳಿದವರಿಗೆಲ್ಲ, ಕಾರ್ಡಿನಲ್ಲಿ ಮೂರನೇ ಹೆಸರು ಹಾಕಿದ್ದಕ್ಕೆ ಅಂತ ಹೇಳ್ಲಿಕ್ಕೆ ನನಗೆ ನಾಚಿಕೆ ಆಗುದಿಲ್ಲವಾ?"