ಒಂಬತ್ತು ದಿನದ ದುರಸ್ತಿ

“ಇದರಾಗ ನನ್ನ ಮಗನ ಹೆಸರ ಎಲ್ಲೈತಿ ತೋರಸು,” ಎಂದು ಓದು ಬಾರದ ಅಕ್ಕುತಾಯಿ ಬೆರಳು ಚಾಚಿದಳು. ದುರಗಪ್ಪನ ತೊಡೆಯ ಮೇಲೆ ಅವನು ದುಡಿದಿದ್ದ ಡೆಸ್ಟ್ರಾಯರ್ ಯುದ್ಧನೌಕೆಯ ಚರಿತ್ರೆ ತೆರೆದಿತ್ತು. ನೌಕೆಯನ್ನು ಸೇವೆಯಿಂದ ಇಳಿಸಿದ ದಿನ ಹಳೆಯ ನಾವಿಕರಿಗೆಲ್ಲ ಹಂಚಿದ ಇಂಗ್ಲಿಷ್ ಪುಸ್ತಕ ಅದು. ಮುಟ್ಟಿದ ಬಂದರುಗಳು, ಸಾಗಿದ ಮೈಲಿಗಳು, ಒಬ್ಬೊಬ್ಬ ಕಮಾಂಡರನ ಫೋಟೊ, ಎಲ್ಲ ಇದ್ದವು. ಎಂಜಿನ್ ಕೋಣೆಗೆ ಬೆಂಕಿ ಬಿದ್ದ ವರ್ಷಕ್ಕೆ ಮಾತ್ರ ಒಂದೇ ಸಾಲು: ಸಣ್ಣ ದುರಸ್ತಿಗಾಗಿ ನೌಕೆ ಒಂಬತ್ತು ದಿನ ಬಂದರಿನಲ್ಲಿ ನಿಂತಿತ್ತು. ತಮ್ಮೂರು ಅಲಖನೂರದಿಂದ ದುರಗಪ್ಪನ ಜೊತೆಗೇ ನೌಕಾಪಡೆಗೆ ಭರ್ತಿಯಾಗಿದ್ದ ಅಕ್ಕುತಾಯಿಯ ಮಗ ಮಿಲಿಂದ ಸತ್ತದ್ದು ಆ ಬೆಂಕಿಯಲ್ಲಿ.

ದುರಗಪ್ಪ ಮುದುಕಿಯ ಬೆರಳು ಹಿಡಿದು ಆ ಸಾಲಿನ ಮೇಲಿಟ್ಟ. “ಇಲ್ಲೈತಿ ನೋಡ ಕಾಕೂ. ಮಿಲಿಂದ ಹಡಗಾ ಉಳಸಾಕ ಹೋಗಿ ಜೀವಾ ಕೊಟ್ಟ ಅಂತ ಬರದಾರ.”

ಅಕ್ಕುತಾಯಿ ಕೂಸಿನ ನೆತ್ತಿ ಸವರಿದ ಹಾಗೆ ಆ ಅಕ್ಷರಗಳನ್ನು ಸವರಿದಳು. ಆಮೇಲೆ ತಲೆ ಎತ್ತದೆಯೇ ಕೇಳಿದಳು: “ಬೆಂಕಿ ಹಬ್ಬಬಾರದಂತ, ಅಂವಾ ಒಳಗ ಇದ್ದಾಗನ ಹೊರಗಿಂದ ಬಾಗಲಾ ಹಾಕಿದ್ರಂತ. ಯಾರ ಹಾಕಿದ್ರು, ಅದನ್ನೂ ಬರದಾರೇನ?”

ಇಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಇಪ್ಪತ್ತೆರಡು ವರ್ಷಗಳಿಂದ ಆ ಕಬ್ಬಿಣದ ಬಾಗಿಲನ್ನು ಒಳಗಿನಿಂದ ಬಡಿಯುವ ಸದ್ದು ದುರಗಪ್ಪನ ಕಿವಿಯಿಂದ ಹೋಗಿರಲಿಲ್ಲ. ಅವನು ಅವಳ ಬೆರಳನ್ನು ಅದೇ ಸಾಲಿನ ಕೊನೆಗೆ ಸರಿಸಿದ.

“ಬರದಾರ ಕಾಕೂ,” ಎಂದ. “ದುರಗಪ್ಪ ಅಂತ ಬರದಾರ.”