ನವಿಲಿನ ಪರದೆ

ಚಿನ್ನದ ನವಿಲಿನ ಕೊರಳಿಗೆ ಕತ್ತರಿ ತಾಗಿದ್ದನ್ನು ಕಂಡು ರಾಣಿ ಇಸೋಟ್ಟ ಬಾಗಿಲಲ್ಲೇ ನಿಂತುಬಿಟ್ಟಳು. ನವಿಲು ಅವಳ ಲಾಂಛನ. ಸಿಂಹಾಸನದ ಹಿಂದಿನ ಪರದೆಗೆ ಅದನ್ನು ಹೊಲಿದಿದ್ದ ಮುದುಕಿ ನಿಕೊಲೋಸಳೇ ಈಗ ಬಿಚ್ಚಲು ಕೂತಿದ್ದಳು. ರಾಣಿಯ ಬೆನ್ನಿಗೆ ಇಬ್ಬರು ಕಾವಲುಗಾರರಿದ್ದರು.

"ಅರಸರಿಗೆ ನಾನು ಮಾಟ ಮಾಡಿಸಿದೆನೋ ಇಲ್ಲವೋ ಅಂತ ವಿಚಾರಣೆ ಇರೋದು ನಾಳೆ ಕಣೇ. ಇವತ್ತೇ ಬಿಚ್ಚು ಅಂದೋರು ಯಾರು?"

"ಅರಸರೇ, ತಾಯಿ."

ರಾಣಿ ನಕ್ಕಳು. "ಬಿಚ್ಚು, ಬಿಚ್ಚು. ಇದೇ ಪರದೆಯಿಂದ ಹಿಂದಿನ ರಾಣಿಯ ಜಿಂಕೆ ಕೀಳೋಕೆ ನಿಂಗೆ ಹದಿನೈದು ದಿನ ಹಿಡೀತು. ಸೋಮಾರಿ ಅಂತ ನಾನೇ ಬೈದಿದ್ದೆ. ನೀನು ಒಂದು ರೆಕ್ಕೆ ಬಿಚ್ಚೋದ್ರೊಳಗೆ ನಾನು ಗೆದ್ದು ವಾಪಸ್ ಬಂದಿರ್ತೀನಿ. ಆಗ ಪೂರ್ತಿ ಮತ್ತೆ ಹೊಲೀಬೇಕು ನೋಡು!"

ಮುದುಕಿ ನವಿಲಿನ ಕೊರಳ ಹತ್ತಿರ ಒಂದೇ ಒಂದು ಎಳೆ ಕತ್ತರಿಸಿ, ತುದಿ ಹಿಡಿದು ಎಳೆದಳು. ಕೊಕ್ಕಿನಿಂದ ಬಾಲದವರೆಗೆ ಇಡೀ ನವಿಲು ಸರ್ರನೆ ಕಳಚಿ ಅವಳ ಮಡಿಲಿಗೆ ಬಿತ್ತು.

"ಇದೇನೇ ಇದು?" ರಾಣಿ ಒಂದು ಹೆಜ್ಜೆ ಒಳಗಿಟ್ಟಳು.

"ಆ ಜಿಂಕೆ ಕಿತ್ತು ನನ್ನ ಬೆರಳೆಲ್ಲ ರಕ್ತ ಆಗಿತ್ತು, ತಾಯಿ," ನಿಕೊಲೋಸ ತಲೆ ಎತ್ತದೆ ಹೇಳಿದಳು. "ಅದಕ್ಕೇ ನಿಮ್ಮ ಮದುವೆಗೆ ಹೊಲಿಯುವಾಗ್ಲೇ ಸಡಿಲವಾಗಿ ಹೊಲಿದಿದ್ದೆ."