ಬೇಕಂತಲೇ

ಹಲ್ಲಿನ ಡಾಕ್ಟರು ಕಿತ್ತ ಜಾಗಕ್ಕೆ ಹತ್ತಿ ತುರುಕಿ, "ಅರ್ಧ ಗಂಟೆ ಗಟ್ಟಿಯಾಗಿ ಕಚ್ಚಿಕೊಂಡಿರಿ ಯಜಮಾನ್ರೇ. ಬಾಯಿ ಬಿಡಬೇಡಿ, ಮಾತಂತೂ ಆಡಲೇಬೇಡಿ" ಎಂದು ಅಡುಗೆಯವನನ್ನು ಹೊರಗಿನ ಬೆಂಚಿಗೆ ಕಳಿಸಿದರು. ಅವನು ಹೋಗಿ ಕೂತ. ಹನ್ನೊಂದು ವರ್ಷದ ಹಿಂದಿನವರೆಗೂ ಇದೇ ಕಟ್ಟಡದಲ್ಲಿ ಹ್ಯಾಂಬರ್ಗರ್ ಅಂಗಡಿಯಿತ್ತು. ಮೂವತ್ತು ವರ್ಷ ಅದರ ಒಲೆಯ ಮುಂದೆ ನಿಂತವನು ಅವನೇ. ಈಗ ಅವನ ದವಡೆ ಹಲ್ಲು ಕಿತ್ತ ಕುರ್ಚಿ ಇದ್ದದ್ದು ಸರಿಯಾಗಿ ಕಾವಲಿ ಇದ್ದ ಜಾಗದಲ್ಲಿ. ಇದನ್ನು ಡಾಕ್ಟರಿಗೆ ಹೇಳೋಣವೆಂದುಕೊಂಡಿದ್ದ. ಅಷ್ಟರಲ್ಲಿ ಇಂಜೆಕ್ಷನ್ ಚುಚ್ಚಿಬಿಟ್ಟಿದ್ದರು.

ಬೆಂಚಿನ ಮೇಲೆ ಇನ್ನಿಬ್ಬರಿದ್ದರು. ಕೆನ್ನೆ ಊದಿಸಿಕೊಂಡ ನಿವೃತ್ತ ಪೋಸ್ಟ್‌ಮ್ಯಾನ್, ಪಕ್ಕದಲ್ಲಿ ಅವನಷ್ಟೇ ವಯಸ್ಸಿನ ಟೀಚರು. ನೋವು ಮರೆಯಲು ಹಳೇ ಮಾತು ತೆಗೆದಿದ್ದರು.

"ಇಲ್ಲೇ ಅಲ್ವೇ ಟೀಚರೇ, ಆ ಕೆಂಪು ಸೀಟುಗಳಿದ್ದದ್ದು? ಕೂತರೆ ಪುಸ್ ಅಂತ ಗಾಳಿ ಹೋಗೋದು."

"ಹಸಿರು" ಎಂದರು ಟೀಚರು.

ಸೀಟುಗಳು ಕಂದು ಬಣ್ಣದವು. ಅಡುಗೆಯವನು "ಹ್ಞೂಂಹ್ಞೂಂ" ಎಂದು ತಲೆಯಾಡಿಸಿದ. ಇಬ್ಬರೂ ಅದು ತಮ್ಮ ಪರವೆಂದುಕೊಂಡರು.

"ಬರ್ಗರ್ ಅಂದ್ರೆ ಅದು. ಎರಡು ಕೈಯಲ್ಲಿ ಹಿಡಿದರೂ ಮೊಣಕೈವರೆಗೆ ಸೋರ್ತಿತ್ತು. ಈಗಿನವು ಬಿಡಿ, ರಟ್ಟು" ಎಂದ ಪೋಸ್ಟ್‌ಮ್ಯಾನ್. "ಆದರೆ ಆ ಅಡುಗೆಯವನಿದ್ದನಲ್ಲ, ಮಹಾ ಸಿಡುಕ. ಈರುಳ್ಳಿ ಬೇಡ ಅಂದಿದ್ದಕ್ಕೆ ಅಡುಗೆಮನೆ ಗೋಡೆ ಕಂಡಿಯಿಂದಲೇ, 'ಹಾಗಾದ್ರೆ ಬರೀ ಬನ್ನು ತಿನ್ನು' ಅಂದ. ಅವನ ಮುಖ ನೋಡಿದವರಿಲ್ಲ, ಬಾಯಿ ಕೇಳದವರಿಲ್ಲ."

"ಈಗೆಲ್ಲಿದ್ದಾರೋ ಪಾಪ."

"ತೀರಿಕೊಂಡು ನಾಲ್ಕು ವರ್ಷ ಆಯ್ತು. ಮಣ್ಣಿಗೆ ನಾನೇ ಹೋಗಿದ್ದೆ."

ಅಡುಗೆಯವನು ಹತ್ತಿ ಕಚ್ಚಿಕೊಂಡೇ ಇದ್ದ. ನಾಲ್ಕು ವರ್ಷದ ಹಿಂದೆ ತೀರಿಕೊಂಡದ್ದು ಅಂಗಡಿಯ ಮಾಲೀಕ. ಆ ಮಣ್ಣಿಗೆ ಅವನೂ ಹೋಗಿದ್ದ. ಈ ಪೋಸ್ಟ್‌ಮ್ಯಾನ್ ಅವನ ಪಕ್ಕದಲ್ಲೇ ನಿಂತು ಆಕಳಿಸಿದ್ದ.

ಟೀಚರು ಕೈಚೀಲವನ್ನು ಮಡಿಲಿಗೆ ಎಳೆದುಕೊಂಡರು. "ನಾನೂ ನಮ್ಮವರೂ ಬೇರೆ ಆಗೋದು ಅಂತ ತೀರ್ಮಾನ ಮಾಡಿದ್ದು ಈ ಅಂಗಡಿಯಲ್ಲೇ" ಎಂದರು. "ಮನೆಯಲ್ಲಿ ಮಕ್ಕಳ ಮುಂದೆ ಆಡೋ ಮಾತಲ್ಲವಲ್ಲ. ಕಿಟಕಿ ಪಕ್ಕ ಕೂತು, ಯಾವ ಮಗು ಯಾರ ಹತ್ರ, ಕಪಾಟು ಯಾರಿಗೆ ಅನ್ನೋವರೆಗೂ ಬಂದಿದ್ವಿ. ಎರಡು ಬರ್ಗರ್ ಹೇಳಿದ್ವಿ. ಕಂಡಿಯಿಂದ ಒಂದೇ ತಟ್ಟೆ ಬಂತು. ಒಂದೇ ಬರ್ಗರು, ನಡುವೆ ಸರಿಯಾಗಿ ಎರಡು ಭಾಗ ಮಾಡಿದ್ರು. ನಮ್ಮವರು ಅದನ್ನೇ ನೋಡ್ತಾ ಇದ್ದು, 'ನಾವಿನ್ನೂ ಒಂದೇ ಅಂತ ಇವನಿಗೆ ಯಾರೇ ಹೇಳಿದ್ದು?' ಅಂದ್ರು. ನನಗೆ ನಗು ತಡೆಯೋಕಾಗಲಿಲ್ಲ. ನಕ್ಕಮೇಲೆ ಜಗಳ ಎಲ್ಲಿಂದ ಮುಂದುವರಿಸೋದು? ಆಮೇಲೆ ಇಪ್ಪತ್ತಾರು ವರ್ಷ ಒಟ್ಟಿಗಿದ್ವಿ. ಹೋದ ವರ್ಷ ಅವರು ಹೋದ್ರು."

ಪೋಸ್ಟ್‌ಮ್ಯಾನ್ ಕೆನ್ನೆ ನೀವಿಕೊಂಡ.

"ಆ ಮನುಷ್ಯ ಇದ್ದಿದ್ದರೆ ಒಂದೇ ಮಾತು ಕೇಳೋಣ ಅಂತಿತ್ತು. ಗೋಡೆ ಆಚೆ ನಿಂತು ಅವರಿಗೆ ಹೇಗೆ ಗೊತ್ತಾಯ್ತು ಅಂತ" ಎಂದರು ಟೀಚರು.

ಅಡುಗೆಯವನಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಮೂವತ್ತು ವರ್ಷದಲ್ಲಿ ಒಂದೇ ಒಂದು ದಿನ ಬೇಕರಿ ವ್ಯಾನು ಕೈಕೊಟ್ಟಿತ್ತು. ಮಧ್ಯಾಹ್ನ ಎರಡರ ಹೊತ್ತಿಗೆ ಬನ್ನು ಒಂದೇ ಉಳಿದಿತ್ತು, ಕೊಯ್ದು ಕೊಟ್ಟ. ಬಡಿಸುವವಳು ವಿಷಯ ಹೇಳಬೇಕಿತ್ತು, ಮರೆತಳು. ಹೊಗೆ ಎಳೆಯುವ ಫ್ಯಾನಿನ ಆರ್ಭಟಕ್ಕೆ ಒಳಗೆ ಯಾರ ಸಂಸಾರವೂ ಕೇಳಿಸುತ್ತಿರಲಿಲ್ಲ. ಅವನಾದರೋ ಇದ್ದದ್ದನ್ನು ಇದ್ದ ಹಾಗೆ ಹೇಳುವ ಆಸಾಮಿ. ಮಾಂಸ ಬೇಯದ ದಿನ ಕಂಡಿಯಿಂದ ತಲೆ ಹಾಕದೆಯೇ, "ಇವತ್ತು ಗಟ್ಟಿ, ನಾಳೆ ಬನ್ನಿ" ಎಂದು ಕೂಗುತ್ತಿದ್ದ. ಬಾಯಿ ಮುಚ್ಚಿಕೊಂಡಿರಪ್ಪಾ ಎಂದು ಮಾಲೀಕ ಎಷ್ಟೋ ಸಲ ಅವನಿಗೆ ಕೈಮುಗಿದಿದ್ದ.

ಗೋಡೆ ಗಡಿಯಾರ ನೋಡಿದ. ಅರ್ಧ ಗಂಟೆಗೆ ಇನ್ನೂ ಎಂಟು ನಿಮಿಷವಿತ್ತು. ಹತ್ತಿಯನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿದ.

"ನನಗೆ ಅವರ ಹರಿಚಯ ಇತ್ತು" ಎಂದ. ಇಂಜೆಕ್ಷನ್ನಿಗೆ ತುಟಿ ಅರ್ಧ ಸತ್ತಿತ್ತು, 'ಪ' ಹೊರಡಲಿಲ್ಲ.

ಟೀಚರು ಪೂರ್ತಿ ಅವನ ಕಡೆ ತಿರುಗಿದರು. "ಹೌದೇ? ಹಾಗಾದ್ರೆ ಹೇಳಿ. ಅವರು ಬೇಕಂತಲೇ ಮಾಡಿದ್ದು ತಾನೇ?"

ಉತ್ತರ ಮೊದಲೇ ಬೋರ್ಡಿನ ಮೇಲೆ ಬರೆದಿಟ್ಟು ಕೇಳಿದ ಹಾಗಿತ್ತು ದನಿ. ಬೆರಳುಗಳು ಮಾತ್ರ ಕೈಚೀಲದ ಪಟ್ಟಿಯನ್ನು ತಿರುಚುತ್ತಿದ್ದವು, ಬಿಚ್ಚುತ್ತಿದ್ದವು, ಮತ್ತೆ ತಿರುಚುತ್ತಿದ್ದವು. ಅಡುಗೆಯವನು ಆ ಬೆರಳುಗಳನ್ನು ನೋಡಿದ.

"ಬೇಕಂತಲೇ" ಎಂದ. ಈ ಸಲ ಮಾತು ಸ್ಪಷ್ಟವಾಗಿಯೇ ಬಂತು. ಅಷ್ಟಕ್ಕೇ ಬಿಟ್ಟರೆ ಸಾಲದೆನಿಸಿ, "ಫ್ಯಾನು ಆರಿಸಿ ಕೇಳಿಸಿಕೊಂಡರಂತೆ" ಎಂದೂ ಸೇರಿಸಿದ.

"ಅವನಾ?" ಎಂದ ಪೋಸ್ಟ್‌ಮ್ಯಾನ್.

"ಅವರೇ."

ಒಳಗಿನಿಂದ ನರ್ಸು ಟೀಚರನ್ನು ಕರೆದಳು. ಅವರು ಎದ್ದು ಕಣ್ಣೊರೆಸಿಕೊಂಡು, ಬಾಗಿಲ ಹತ್ತಿರ ಹೋದವರು ಅಲ್ಲೇ ನಿಂತರು. "ಅವರ ಹೆಂಡತಿ ಪುಣ್ಯವಂತೆ ಕಣ್ರೀ. ಬಾಯಿಬಿಟ್ಟು ಹೇಳದೇನೇ ಎಲ್ಲಾ ಅರ್ಥ ಮಾಡಿಕೊಳ್ಳೋ ಗಂಡ."

ಹೊರಗೆ ರಸ್ತೆಯಲ್ಲಿ ಕಾರಿನ ಹಾರ್ನು ಬಡಿದುಕೊಳ್ಳುತ್ತಿತ್ತು. ಹತ್ತೇ ನಿಮಿಷ ಎಂದು ಹೇಳಿ ಒಳಗೆ ಬಂದ ಗಂಡನಿಗಾಗಿ ಪುಣ್ಯವಂತೆ ಒಂದೂವರೆ ಗಂಟೆಯಿಂದ ಬಿಸಿಲಿನಲ್ಲಿ ಕಾಯುತ್ತಿದ್ದಳು.